ಒಂದಡಿಯಾಚೆ

ಕ್ಯೋಟೋದ ನಿಶಿಜಿನ್ ಕಡೆ, ಎರಡು ಸೈಕಲ್ಲು ಎದುರುಬದುರಾದರೆ ಒಂದು ಇಳಿದು ದಾರಿ ಬಿಡಬೇಕಾದಂಥ ಗಲ್ಲಿಯೊಂದರಲ್ಲಿ ಒಕುಡಾ ಶಿಗೆಜೊ ಅವರ ಮನೆ. ವಯಸ್ಸು ಅರವತ್ತೆಂಟು. ಮೂವತ್ತೇಳು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಊರಿಗೆ ಬಂದ ಯಾತ್ರಿಕರನ್ನು ಒಂದು ದೇವಸ್ಥಾನದಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲೇ ಅವರ ಸರ್ವೀಸು ಸವೆದದ್ದು. ಹಾಗಾಗಿ ಕ್ಯೋಟೋದ ದೇವಸ್ಥಾನಗಳ ವಿಷಯ ಬಂದರೆ ತಮ್ಮದೇ ಕೊನೆಯ ಮಾತು ಎಂದು ಅವರು ತಿಳಿದಿದ್ದರು. ಗಲ್ಲಿಯವರು ಅಲ್ಲ ಎನ್ನುತ್ತಿರಲಿಲ್ಲ. ಆ ಊರಿನಲ್ಲಿ ಯಾರೂ ಯಾರ ಮುಖದ ಮೇಲೂ ಅಲ್ಲ ಎನ್ನುವುದಿಲ್ಲ.

ನಿಜ ಹೇಳಬೇಕೆಂದರೆ, ಮೂವತ್ತೇಳು ವರ್ಷದಲ್ಲಿ ಶಿಗೆಜೊ ಕಂಡದ್ದು ದೇವಸ್ಥಾನಗಳ ಹೆಬ್ಬಾಗಿಲುಗಳನ್ನು ಮಾತ್ರ. ಅದೂ ಬಸ್ಸಿನ ಗಾಜಿನೊಳಗಿಂದ, ಎಡಗಡೆಗೆ. ಒಳಗೆ ಕಾಲಿಟ್ಟದ್ದು ಎರಡೇ ಸಲ: ಶಾಲೆಯಲ್ಲಿದ್ದಾಗ ಮೇಷ್ಟ್ರು ಸಾಲಾಗಿ ನಡೆಸಿಕೊಂಡು ಹೋದಾಗ ಒಮ್ಮೆ, ಮದುವೆಯ ಹೊಸದರಲ್ಲಿ ಹೆಂಡತಿ ಫುಮಿಯೆ ಹಟ ಹಿಡಿದಾಗ ಇನ್ನೊಮ್ಮೆ. ಎರಡು ಸಲವೂ ಮಳೆ ಬಂದಿತ್ತು. ಆ ಊರಿನಲ್ಲೇ ಹುಟ್ಟಿದವರಲ್ಲಿ ಮುಕ್ಕಾಲುಪಾಲು ಜನರ ಕತೆ ಇದೇ ಆದ್ದರಿಂದ ಶಿಗೆಜೊಗೆ ಇದೊಂದು ಕೊರತೆ ಎನ್ನಿಸಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಅವರ ಹಿರಿಮೆ ಸುಳ್ಳಾಗಿರಲಿಲ್ಲ. ಅದು ಪೊರಕೆ.

ಬೆಳಿಗ್ಗೆ ಆರಕ್ಕೆ ಎದ್ದು ಬಿದಿರಿನ ಪೊರಕೆ ಹಿಡಿದು ಮನೆಯ ಮುಂದೆ ಗುಡಿಸಿ ನೀರು ಚಿಮುಕಿಸುವುದು ಗಲ್ಲಿಯ ಪ್ರತಿ ಮನೆಯ ಕೆಲಸ. ಇದಕ್ಕೊಂದು ಅಳತೆ ಉಂಟು. ಅದನ್ನು ಎಲ್ಲೂ ಬರೆದಿಟ್ಟಿಲ್ಲ, ಆದರೆ ತಪ್ಪಿದವರ ಹೆಸರನ್ನು ಯಾರೂ ಮರೆತಿಲ್ಲ. ನಿಮ್ಮ ಮನೆಯ ಗಡಿಗೇ ಪೊರಕೆ ನಿಲ್ಲಿಸಿದರೆ ನೀವು ಬಿಗುಮಾನದವರು. ಪಕ್ಕದ ಮನೆಯ ಮುಂದೆ ಒಂದಡಿ ಗುಡಿಸಿದರೆ ಅದು ನೆರೆಹೊರೆಯ ಮರ್ಯಾದೆ. ಒಂದಡಿ ದಾಟಿದಿರೋ, ‘ನಿಮ್ಮ ಬಾಗಿಲು ಗಲೀಜು, ನಿಮ್ಮ ಕೈಲಾಗದು, ಅದಕ್ಕೇ ನಾನು ಮಾಡಿದೆ’ ಎಂದು ಪೊರಕೆಯಲ್ಲೇ ಬೈದ ಹಾಗೆ. ಶಿಗೆಜೊ ಬಸ್ಸನ್ನು ನಿಲ್ದಾಣದ ಗೆರೆಗೆ ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ನಿಲ್ಲಿಸುತ್ತಿದ್ದವರು. ಅದೇ ಕೈ ಈಗ ಪೊರಕೆಯನ್ನು ನಿಲ್ಲಿಸುತ್ತಿತ್ತು. ಎಡಕ್ಕೆ ಬೀಸಣಿಗೆ ಮಾಡುವ ಕೊಮಾಯಿ ಅವರ ಮನೆ, ಅಲ್ಲಿ ಒಂದಡಿ. ಬಲಕ್ಕೆ ನೇಕಾರನ ವಿಧವೆ ಉಮೆನೋ ಅಜ್ಜಿಯ ಮನೆ, ಅಲ್ಲೂ ಒಂದಡಿ. ಬಿದ್ದ ಎಲೆಗಳೇ ಅಲ್ಲಿಗೊಂದು ಅಂಚು ಕಟ್ಟಿ ನಿಲ್ಲುತ್ತಿದ್ದವು.

ಆ ನವೆಂಬರಿನಲ್ಲಿ ಶಿಗೆಜೊ ಇನ್ನಷ್ಟು ಎಚ್ಚರದಿಂದಿದ್ದರು. ಬರುವ ಭಾನುವಾರ ಗಲ್ಲಿಯ ಒಂಬತ್ತು ಮನೆಯವರು ಸೇರಿ ಹೊಸ ಮುಖ್ಯಸ್ಥರನ್ನು ಆರಿಸುವವರಿದ್ದರು. ಒಕುಡಾ ಮನೆತನ ಆ ಗಲ್ಲಿಗೆ ಬಂದು ಮೂರೇ ತಲೆಮಾರು. ಅಲ್ಲಿಯವರ ದೃಷ್ಟಿಯಲ್ಲಿ ನಿನ್ನೆ ಮೊನ್ನೆ ಬಂದವರು. ಆದರೂ ಈ ಸಲ ಗಾಳಿ ತಮ್ಮ ಕಡೆಗಿದೆ ಎಂದು ಶಿಗೆಜೊಗೆ ಸುಳಿವು ಸಿಕ್ಕಿತ್ತು. ಹೆಸರು ಸೂಚಿಸಿದಾಗ ಮೂರು ಸಲ ಬೇಡ ಎಂದು ನಾಲ್ಕನೆಯ ಸಲ ಒಪ್ಪಿಕೊಳ್ಳುವುದು ಪದ್ಧತಿ. ಮೂರು ಬಗೆಯ ‘ಬೇಡ’ಗಳನ್ನು ಅವರು ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿಟ್ಟುಕೊಂಡಿದ್ದರು. ಮೂರನೆಯದಂತೂ ಬಹಳ ಚೆನ್ನಾಗಿ ಬಂದಿತ್ತು.

ಇಂಥ ವಾರದಲ್ಲೇ, ಸೋಮವಾರ, ಫುಮಿಯೆಯ ಅಣ್ಣ ತೊರಾಕಿಚಿ ಓಕಿ ದ್ವೀಪದಿಂದ ಬಂದಿಳಿದರು. ಎಪ್ಪತ್ತನಾಲ್ಕು ವರ್ಷದ ಮೀನುಗಾರ. ತಂಗಿಯನ್ನು ಕೊಟ್ಟ ಊರನ್ನು ನಲವತ್ತೊಂದು ವರ್ಷದ ಮೇಲೆ ನೋಡಲು ಬಂದವರು, ಒಂದು ಮೂಟೆ ಒಣಗಿಸಿದ ಬೊಂಡಾಸ್ ಮೀನು ಹೊತ್ತು ತಂದಿದ್ದರು. ಅದರ ವಾಸನೆ ಅವರಿಗಿಂತ ಮೊದಲೇ ಗಲ್ಲಿಯ ಒಂಬತ್ತೂ ಮನೆಗೆ ಹೋಗಿ ಪರಿಚಯ ಹೇಳಿಕೊಂಡಿತು.

ಮಂಗಳವಾರ ಶಿಗೆಜೊ ಭಾವನನ್ನು ರ‍್ಯೋಆನ್-ಜಿಗೆ ಕರೆದೊಯ್ದರು. ಬಿಳಿ ಜಲ್ಲಿ ಹರಡಿ ಗೆರೆ ಎಳೆದ ಅಂಗಳದಲ್ಲಿ ಬಂಡೆಗಳನ್ನಿಟ್ಟ ಕಲ್ಲಿನ ತೋಟದ ದೇವಸ್ಥಾನ. ಶಿಗೆಜೊ ಪ್ರತಿ ತಿರುವಿನಲ್ಲೂ “ಬೂಟಿನ ಲೇಸು ಸಡಿಲ ಆಯ್ತು, ನೀವು ಹಿಂದೆ ಬನ್ನಿ ಭಾವ” ಎಂದು ಮುಂದೆ ಓಡಿ, ವಿವರದ ಫಲಕದ ಬುಡದಲ್ಲಿ ಬಗ್ಗಿ ಗಬಗಬನೆ ಓದಿಕೊಳ್ಳುವರು. ಭಾವ ಬರುವಷ್ಟರಲ್ಲಿ ಎದ್ದುನಿಂತು, ದೂರದ ಬೆಟ್ಟ ನೋಡುತ್ತಾ, ಹುಟ್ಟಿದಾಗಿನಿಂದ ಬಲ್ಲವರಂತೆ ಹೇಳುವರು.

“ಒಟ್ಟು ಹದಿನೈದು ಕಲ್ಲು, ಭಾವ. ಆದ್ರೆ ಎಲ್ಲಿ ಕೂತು ನೋಡಿದ್ರೂ ಒಂದು ಮರೆಯಾಗಿರುತ್ತೆ.”

ತೊರಾಕಿಚಿ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದು ಎರಡು ಸಲ ಎಣಿಸಿದರು. “ಹೌದಲ್ಲ. ಆ ಕಾಣ್ದೆ ಇರೋ ಕಲ್ಲಿನ ಸುತ್ತಾನೂ ಜಲ್ಲಿ ಎಳೆದು ಚೊಕ್ಕ ಮಾಡ್ತಾರಾ?”

“ಮಾಡದೆ?”

“ಯಾರಿಗೂ ಕಾಣಾಕಿಲ್ಲ ಅಂದ್ರೂವೆ?”

“ಇದು ಕ್ಯೋಟೋ ಭಾವ” ಎಂದರು ಶಿಗೆಜೊ, ಹದಿನೈದೂ ಕಲ್ಲನ್ನು ತಾವೇ ಹೊತ್ತು ತಂದು ಇಟ್ಟವರಂತೆ.

ತೊರಾಕಿಚಿ ತಲೆದೂಗಿದರು. ಹೊರಗೆ ಬಂದು ಬೂಟು ಮೆಟ್ಟಿಕೊಳ್ಳುವಾಗ ಮೆಲ್ಲಗೆ ಹೇಳಿದರು: “ಶಿಗೆಜೊ, ಬೆಳಿಗ್ಗೆಯಿಂದ ನೋಡ್ತಾ ಇವ್ನಿ. ನಿನ್ನ ಬೂಟಿಗೆ ಲೇಸೇ ಇಲ್ವಲ್ಲಪ್ಪ.”

ಶಿಗೆಜೊ ಕೆಳಗೆ ನೋಡಿದರು. ಇರಲಿಲ್ಲ. ಆ ಮುದುಕ ಅದನ್ನು ತಮಾಷೆಗೂ ಹೇಳಿರಲಿಲ್ಲ, ಚುಚ್ಚಲಿಕ್ಕೂ ಹೇಳಿರಲಿಲ್ಲ. ದೋಣಿಗೆ ಹಗ್ಗ ಕಟ್ಟಿಲ್ಲ ಎಂದು ಪಕ್ಕದ ದೋಣಿಯವನಿಗೆ ಹೇಳುವ ಹಾಗೆ ಹೇಳಿದ್ದರು, ಅಷ್ಟೆ.

ಬುಧವಾರ ಬೆಳಿಗ್ಗೆ ಶಿಗೆಜೊಗೆ ಎಚ್ಚರವಾದದ್ದು ಪೊರಕೆಯ ಸದ್ದಿಗೆ. ಸರ್, ಸರ್, ಸರ್. ಕಣ್ಣು ಮುಚ್ಚಿಕೊಂಡೇ ಸದ್ದು ಎಲ್ಲಿದೆ ಎಂದು ಅಳೆದರು. ನಮ್ಮ ಬಾಗಿಲು. ಅಜ್ಜಿಯ ಗಡಿ. ಒಂದಡಿ. ಇಲ್ಲಿ ನಿಲ್ಲಬೇಕು. ಸದ್ದು ನಿಲ್ಲಲಿಲ್ಲ. ಅಜ್ಜಿಯ ಬಾಗಿಲನ್ನೂ ದಾಟಿ ಆರಾಮಾಗಿ ಮುಂದೆ ಹೊರಟಿತು. ಶಿಗೆಜೊ ಹಾಸಿಗೆಯಿಂದ ಎದ್ದದ್ದೂ ಬೀದಿಯಲ್ಲಿ ನಿಂತದ್ದೂ ಒಂದೇ ಆಯಿತು. ಎರಡು ಕಾಲಿಗೂ ಒಂದೇ ಕಾಲಿನ ಚಪ್ಪಲಿ.

ತಡವಾಗಿತ್ತು. ಗಲ್ಲಿಯ ಈ ತುದಿಯಿಂದ, ಕಲ್ಲಿನ ಜಿಜೋ ದೇವರ ಪುಟ್ಟ ಗುಡಿ ಇರುವ ಆ ತುದಿಯವರೆಗೆ, ಒಂಬತ್ತೂ ಮನೆಗಳ ಮುಂದೆ ಒಂದು ಎಲೆ ಇರಲಿಲ್ಲ. ಜಿಜೋ ದೇವರ ಪಕ್ಕ ಹಳದಿ ಎಲೆಗಳ ರಾಶಿ. ಅದರ ಪಕ್ಕ ತಲೆಗೆ ಟವೆಲ್ಲು ಸುತ್ತಿಕೊಂಡು, ಮುಖವೆಲ್ಲ ಬೆಳಕಾಗಿ, ತೊರಾಕಿಚಿ.

“ಎಲೆ ಬಾಳ ಬಿದ್ದಿತ್ತು ಕಣಪ್ಪ.”

“ಭಾವ, ಇಡೀ ಗಲ್ಲಿ ಯಾಕೆ ಗುಡಿಸಿದ್ರಿ?”

“ಮತ್ತೆ? ಹಡಗಿನ ಮೇಲೆ ಅರ್ಧ ಹಲಗೆ ತೊಳೆದು ಅರ್ಧ ಬಿಟ್ರೆ ಕ್ಯಾಪ್ಟನ್ನು ಸಮುದ್ರಕ್ಕೆ ಒದೀತಾನೆ.”

ಕೊಮಾಯಿ ಅವರ ಹೆಂಡತಿ ಮರದ ಜಾಲರಿಯ ಬಾಗಿಲಿನಲ್ಲಿ ನಿಂತಿದ್ದರು. ಕೈಯಲ್ಲಿ ಅವರದೇ ಪೊರಕೆ, ಮಾಡಲು ಕೆಲಸವಿಲ್ಲದೆ. “ಎಷ್ಟು ಲಕ್ಷಣವಾಗಿದೆ ಒಕುಡಾ-ಹಾನ್” ಎಂದರು ಜೇನಿನಂಥ ದನಿಯಲ್ಲಿ, ಕ್ಯೋಟೋದವರ ಮರ್ಯಾದೆಯ ‘ಹಾನ್’ ಹಚ್ಚಿ. “ನಮ್ಮ ಬಾಗಿಲಲ್ಲಿ ಇಷ್ಟು ಬೆಳ್ಳಗಿರೋ ಕಲ್ಲು ಇತ್ತು ಅಂತ ನಮಗೇ ಗೊತ್ತಿರಲಿಲ್ಲ ನೋಡಿ.”

ನೆಲ ಬಾಯ್ಬಿಟ್ಟು ತಮ್ಮನ್ನು ನುಂಗಬಾರದೇ ಎಂದು ಶಿಗೆಜೊಗೆ ಅನ್ನಿಸಿತು. ಆದರೆ ಈಗಷ್ಟೇ ಗುಡಿಸಿದ ನೆಲ, ಅದಕ್ಕೂ ಬಾಯಿ ಬಿಡುವ ಮನಸ್ಸಿದ್ದಂತೆ ಕಾಣಲಿಲ್ಲ.

ಅವರು ಪೊರಕೆಯನ್ನು ತೆಗೆದು ಬಚ್ಚಲುಮನೆಯ ಅಟ್ಟದ ಮೇಲೆ ಬಚ್ಚಿಟ್ಟರು. ಅಂಗಡಿ ತೆರೆಯುತ್ತಿದ್ದಂತೆ ಹೋಗಿ ಕೆಂಪು ಕಾಳಿನ ಹೂರಣದ ಸಿಹಿತಿಂಡಿಯ ಎಂಟು ಡಬ್ಬಿ ತಂದರು. ಮನೆಯಲ್ಲಿ ಫುಮಿಯೆ ಡಬ್ಬಿಗಳನ್ನು ನೋಡಿದಳು. ಅವಳಿಗೆ ಈ ಡಬ್ಬಿಗಳ ಪರಿಚಯವಿತ್ತು. ನಲವತ್ತೊಂದು ವರ್ಷದ ಹಿಂದೆ, ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ, ಅವಳೂ ಇದೇ ಗಲ್ಲಿಯನ್ನು ಈ ತುದಿಯಿಂದ ಆ ತುದಿಗೆ ಗುಡಿಸಿದ್ದಳು. ಅತ್ತೆ ಎಂಟು ಮನೆಗೆ ಹೋಗಿ, ನಮ್ಮ ಸೊಸೆ ದ್ವೀಪದವಳು, ತಿಳಿವಳಿಕೆ ಸಾಲದು ಎಂದು ತಲೆಬಾಗಿ ಬಂದಿದ್ದರು. ಹಿಂದೆ ಡಬ್ಬಿ ಹೊತ್ತು ನಡೆದವರು ಶಿಗೆಜೊ. ಆ ಕತೆಯನ್ನು ಅವರು ಪ್ರತಿ ಹೊಸ ವರ್ಷದ ಊಟದಲ್ಲಿ ನೆಂಟರಿಗೆ ಹೇಳಿ ನಗಿಸುತ್ತಿದ್ದರು. ಫುಮಿಯೆ ಆಗ ಎಲ್ಲರ ಬಟ್ಟಲಿಗೆ ಅಕ್ಕಿಯ ಮದ್ಯ ಸಾಕೆ ಬಗ್ಗಿಸುತ್ತಾ ಇರುತ್ತಿದ್ದಳು.

“ಏನಂತ ಹೇಳ್ತೀರಿ?” ಎಂದಳು.

“ಏನೋ ಹೇಳ್ತೀನಿ ಬಿಡು.”

“ನಿಮ್ಮಮ್ಮ ದ್ವೀಪದವಳು ಅಂದ್ರು. ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ.”

ಶಿಗೆಜೊ ಹೆಂಡತಿಯ ಮಾತು ನಡೆಸಿಕೊಟ್ಟರು. ಕೊಮಾಯಿ ಅವರ ಮನೆಯಲ್ಲಿ ಡಬ್ಬಿ ಮುಂದಿಟ್ಟು, ತಲೆ ನೆಲಕ್ಕೆ ತಾಗುವಷ್ಟು ಬಾಗಿ, “ನಮ್ಮ ಭಾವ...” ಎಂದು ಶುರು ಮಾಡಿದರು. ಕೊಮಾಯಿ ಅವರ ಹೆಂಡತಿ ಹುಬ್ಬು ಏರಿಸಿಕೊಂಡು ಕಾಯುತ್ತಿದ್ದರು. ದ್ವೀಪ ಎನ್ನುವ ಹಾಗಿಲ್ಲ. ಬೇರೆ ಏನು? ಶಿಗೆಜೊ ಅವರ ಬೆರಳು ತಾನಾಗಿ ಮೇಲೆದ್ದು ತಲೆಯ ಪಕ್ಕದಲ್ಲಿ ಎರಡು ಸುತ್ತು ತಿರುಗಿತು.

“ವಯಸ್ಸಾಯ್ತು ನೋಡಿ. ಇಲ್ಲಿ ಸ್ವಲ್ಪ ಸಡಿಲ.”

ಮದ್ದು ಹಾಕಿದ ಹಾಗಾಯಿತು. ಏರಿದ ಹುಬ್ಬು ಇಳಿಯಿತು. “ಅಯ್ಯೋ ಪಾಪ” ಎಂದರು ಆಕೆ. “ನಮ್ಮ ಮಾವನೂ ಕೊನೆಕೊನೆಗೆ ಹಾಗೇ ಆಗಿದ್ರು.”

ಇಷ್ಟು ಚೆನ್ನಾಗಿ ನಾಟಿದ ಮದ್ದನ್ನು ಯಾರು ಬಿಡುತ್ತಾರೆ? ಎರಡನೆಯ ಮನೆಯಲ್ಲಿ ಭಾವನಿಗೆ ಹೆಸರುಗಳು ಮರೆತುಹೋಗತೊಡಗಿದವು. ನಾಲ್ಕನೆಯದರಲ್ಲಿ ದಾರಿ ತಪ್ಪತೊಡಗಿತು. ಏಳನೆಯ ಮನೆಗೆ ಬರುವಷ್ಟರಲ್ಲಿ ಅವರು ಒಮ್ಮೆ ದೋಣಿ ಹತ್ತಿ ಮೂರು ದಿನ ಸಿಕ್ಕಿರಲೇ ಇಲ್ಲ. ಎಂಟನೆಯದು ಉಮೆನೋ ಅಜ್ಜಿಯ ಮನೆ. ಅಜ್ಜಿ ಬಾಗಿಲಿಗೆ ಬರಲು ಬಹಳ ಹೊತ್ತು ಹಿಡಿಯಿತು. ಕತೆಯನ್ನೆಲ್ಲ ಕೇಳಿ “ಹೌದಾ” ಎಂದಷ್ಟೇ ಹೇಳಿ ಡಬ್ಬಿ ತೆಗೆದುಕೊಂಡರು.

ಗುರುವಾರ ಶಿಗೆಜೊ ಮತ್ತು ತೊರಾಕಿಚಿ ಕಿತಾನೋ ದೇಗುಲಕ್ಕೆ ಹೊರಟಾಗ ಕೊಮಾಯಿ ಅವರ ಹೆಂಡತಿ ಎದುರಿಗೆ ಬಂದರು. ತೊರಾಕಿಚಿಯ ಎರಡೂ ಕೈ ಹಿಡಿದುಕೊಂಡು, ಕಿವುಡರೊಡನೆ ಮಾತಾಡುವಷ್ಟು ಜೋರಾಗಿ, ಒಂದೊಂದೇ ಪದ ಬಿಡಿಸಿ ಕೇಳಿದರು: “ದೊಡ್ಡಪ್ಪ, ಇವತ್ತು, ಯಾವ ವಾರ, ಗೊತ್ತಾ?”

ತೊರಾಕಿಚಿ ಆಕೆಯ ಮುಖ ನೋಡಿದರು. ಆಮೇಲೆ ಮೂರು ಹೆಜ್ಜೆ ಹಿಂದೆ ನಿಂತಿದ್ದ ಶಿಗೆಜೊ ಮುಖ ನೋಡಿದರು. ಶಿಗೆಜೊ ದೂರದ ಬೆಟ್ಟ ನೋಡಲು ಹೊರಟರು. ಆ ಗಲ್ಲಿಯಿಂದ ಬೆಟ್ಟ ಕಾಣುವುದಿಲ್ಲ.

“ಬುಧವಾರ” ಎಂದರು ತೊರಾಕಿಚಿ.

“ಇರ್ಲಿ, ಇರ್ಲಿ” ಎಂದು ಆಕೆ ಅವರ ಕೈ ತಟ್ಟಿ ಕಣ್ಣೊರೆಸಿಕೊಂಡು ಹೋದರು.

ಆ ಗಳಿಗೆಯಲ್ಲಿ ಶಿಗೆಜೊಗೆ ಅನ್ನಿಸಿದ್ದು ನೆಮ್ಮದಿ. ಅಬ್ಬ, ಸದ್ಯ ತಪ್ಪು ಹೇಳಿದರು ಎಂಬ ನೆಮ್ಮದಿ. ಮುಂದೆ ಎಷ್ಟೋ ದಿನ ಅವರು ಕನ್ನಡಿಗೆ ಬೆನ್ನು ಹಾಕಿ ಹಲ್ಲುಜ್ಜಿದ್ದು ಈ ನೆಮ್ಮದಿಯನ್ನು ನೆನೆದೇ.

ಶುಕ್ರವಾರ ಬೆಳಿಗ್ಗೆ ಉಮೆನೋ ಅಜ್ಜಿ ಕೋಲೂರಿಕೊಂಡು ಬಂದರು. ಕೊಟ್ಟ ಡಬ್ಬಿ ಬರಿದಾಗಿ ಹಿಂದಿರುಗಬಾರದು ಎಂದು ಅದರ ತುಂಬ ಉಪ್ಪಿನಲ್ಲಿ ಹಾಕಿದ ಮೂಲಂಗಿ ತಂದಿದ್ದರು. ತೊರಾಕಿಚಿ ಸ್ನಾನಕ್ಕೆ ಸಾರ್ವಜನಿಕ ಬಿಸಿನೀರಿನ ಮನೆಗೆ ಹೋಗಿದ್ದರು. ಅಜ್ಜಿ ಹೊಸ್ತಿಲ ಮೇಲೆಯೇ ಕೂತರು.

“ನಿಮ್ಮ ಭಾವ ಇಲ್ವಾ? ಥ್ಯಾಂಕ್ಸ್ ಹೇಳೋಣ ಅಂತ ಬಂದೆ.”

“ಅಯ್ಯೋ ಅಜ್ಜಿ, ಅವರು ಮಾಡಿದ ಎಡವಟ್ಟಿಗೆ ನೀವು...”

“ನಿನ್ನೆ ಸಂಜೆ ಬಂದು ನಮ್ಮ ಸರಿಸೋ ಬಾಗಿಲಿನ ಜಾರುಗಂಬಿ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಟ್ರು. ಎರಡು ವರ್ಷದಿಂದ ಅಂಟಿಕೊಂಡಿತ್ತು. ನಮ್ಮ ನೇಯ್ಗೆಮಗ್ಗದ ಒಂದೊಂದು ಭಾಗದ ಹೆಸರೂ ಕೇಳಿ ತಿಳ್ಕೊಂಡು, ಹೋಗೋವಾಗ ಎಲ್ಲ ತಿರುಗಿ ಹೇಳಿದ್ರು. ತಲೆ ಸಡಿಲ ಆಗೋದು ಅಂದ್ರೆ ಇದೇನಾ ಒಕುಡಾ-ಹಾನ್? ಹಾಗಿದ್ರೆ ಈ ಗಲ್ಲಿಯಲ್ಲಿ ಎಲ್ಲರಿಗೂ ಒಂದೊಂದು ಸುತ್ತು ಸಡಿಲ ಆಗ್ಲಿ.”

ಶಿಗೆಜೊ ಹಲ್ಲು ಗಿಂಜಿದರು. ಅಡುಗೆಮನೆಯಲ್ಲಿ ಫುಮಿಯೆ ತರಕಾರಿ ಕೊಚ್ಚುತ್ತಿದ್ದ ಸದ್ದು ನಿಂತಿತು.

“ನನಗೆ ಫೆಬ್ರವರಿಯಲ್ಲಿ ಮಂಡಿ ಹೋಯ್ತು” ಎಂದರು ಅಜ್ಜಿ, ಬೇರೆ ಯಾರದೋ ಮಂಡಿಯ ವಿಷಯ ಹೇಳುವಂತೆ. “ಬಗ್ಗಕ್ಕಾಗಲ್ಲ. ಬಾಗಿಲ ಮುಂದೆ ಗುಡಿಸಿ ಒಂಬತ್ತು ತಿಂಗಳಾಯ್ತು. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದರೆ ನಿಮ್ಮ ಪೊರಕೆ ಸದ್ದು ಕೇಳುತ್ತೆ. ಹತ್ತಿರ ಬರುತ್ತೆ, ಬರುತ್ತೆ, ನಿಲ್ಲುತ್ತೆ. ದಿನಾ ಅಲ್ಲೇ. ಎಂಥ ಕೈ ನಿಮ್ಮದು. ಒಂದು ದಿನಾನಾದ್ರೂ ತಪ್ಪಿ ಒಂದು ಗೇಣು ಈಚೆ ಬರುತ್ತೇನೋ ಅಂತ ಕೇಳ್ತಾ ಇದ್ದೆ. ಬರಲಿಲ್ಲ.”

ಶಿಗೆಜೊ ಹೊಸ್ತಿಲಾಚೆ ಅಜ್ಜಿಯ ಬಾಗಿಲಿನ ಕಡೆ ನೋಡಿದರು. ಅಜ್ಜಿಯ ಮನೆಯ ಮುಂದೆ ಎಲೆ ಬಿದ್ದಿರುವುದನ್ನು ಅವರು ಕಂಡಿರಲಿಲ್ಲವೇ? ಕಂಡಿದ್ದರು. ದಿನವೂ ಕಂಡಿದ್ದರು. ತಮ್ಮ ಅಂಚು ಎಷ್ಟು ನೇರವಾಗಿದೆ ಎಂದು ತಲೆದೂಗಿದ್ದರು.

“ನೀವು ಒಂದು ಮಾತು ಹೇಳಬಹುದಿತ್ತಲ್ಲ ಅಜ್ಜಿ” ಎಂದರು ಕೊನೆಗೆ. ಹೇಳಿದ ಮೇಲೆ ಅದನ್ನೂ ಹೇಳಬಾರದಿತ್ತು ಅನ್ನಿಸಿತು.

“ನಾನೂ ಇದೇ ಊರಲ್ಲಿ ಹುಟ್ಟಿದವಳಲ್ವಾ” ಎಂದು ಅಜ್ಜಿ ಕೋಲು ಊರಿ ಎದ್ದರು.

ಫುಮಿಯೆ ಬೈಯಲಿಲ್ಲ. ಬೈದಿದ್ದರೆ ಶಿಗೆಜೊಗೆ ಎಷ್ಟೋ ಹಗುರವಾಗುತ್ತಿತ್ತು. ಮಧ್ಯಾಹ್ನ ಅನ್ನದ ಬಟ್ಟಲು ಮುಂದಿಡುವಾಗ ಒಂದು ಮಾತು ಹೇಳಿದಳು: “ಆ ಕತೆ ಇದೆಯಲ್ಲ, ನಾನು ಗಲ್ಲಿ ಗುಡಿಸಿದ್ದು. ಇನ್ನುಮೇಲೆ ಹೊಸ ವರ್ಷದಲ್ಲಿ ಅದನ್ನ ಹೇಳಬೇಡಿ.”

ನಲವತ್ತೊಂದು ವರ್ಷದಲ್ಲಿ ಅವಳು ಅದನ್ನು ಬೇಡ ಎಂದದ್ದು ಅದೇ ಮೊದಲು. ಮೂರು ಸಲ ಹೇಳುವ ಅಗತ್ಯ ಬೀಳಲಿಲ್ಲ.

ಶನಿವಾರ ತೊರಾಕಿಚಿಯನ್ನು ಸ್ಟೇಷನ್ನಿಗೆ ಬಿಡಲು ಶಿಗೆಜೊ ಬಸ್ಸು ಹತ್ತಿಸಿದರು. ಅವರು ಓಡಿಸುತ್ತಿದ್ದ ರೂಟೇ. ಮುಂದಿನ ಸೀಟಿನಲ್ಲಿ ಕೂರುವುದು ಅವರ ರೂಢಿ, ಹೊಸ ಚಾಲಕನ ತಪ್ಪು ಎಣಿಸಲಿಕ್ಕೆ. ಅಂದು ಹಿಂದೆ ಹೋಗಿ ಕೂತರು. ಮೂರು ನಿಲ್ದಾಣ ಕಳೆಯಿತು. ನಾಲ್ಕನೆಯದರಲ್ಲಿ ಬಾಯಿಬಿಟ್ಟರು.

“ಭಾವ, ನಿಮಗೆ ತಲೆ ಸರಿಯಿಲ್ಲ ಅಂತ ಗಲ್ಲಿಯವರಿಗೆಲ್ಲ ಹೇಳಿದೆ.”

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ಆವಮ್ಮ ವಾರ ಕೇಳಿದ್ಲಲ್ಲ, ಆಗ.”

ಶಿಗೆಜೊ ಎದುರಿನ ಕಂಬಿಯನ್ನು ಬಿಗಿಯಾಗಿ ಹಿಡಿದರು. “ಗುರುವಾರ ಅಂತ ನಿಮಗೆ ಗೊತ್ತಿತ್ತಾ?”

“ಗುರುವಾರ ಅಂತ ಬೆಕ್ಕಿಗೂ ಗೊತ್ತಿತ್ತು” ಎಂದರು ತೊರಾಕಿಚಿ. “ನೀನು ಹಿಂದೆ ನಿಂತಿದ್ದೆ. ಮುಖ ಬೆಳ್ಳಗೆ ಆಗೋಗಿತ್ತು. ಏನೋ ಹೇಳ್ಬುಟ್ಟವ್ನೆ, ನಾನು ಗುರುವಾರ ಅಂದ್ರೆ ಇವ್ನು ಸುಳ್ಳುಗಾರ ಆಯ್ತಾನೆ ಅನ್ನುಸ್ತು. ನೀನು ಅಲ್ಲೇ ಬಾಳಬೇಕಾದವನು. ನಾನು ಶನಿವಾರ ಹೋಗೋನು. ಬುಧವಾರ ಅಂದ್ರೆ ನಂದೇನು ಹೋಯ್ತದೆ?”

ಬಸ್ಸು ಯಾವುದೋ ದೇವಸ್ಥಾನದ ಹೆಬ್ಬಾಗಿಲ ಮುಂದೆ ನಿಂತಿತು. ಅದು ಯಾವುದು ಎಂದು ತೊರಾಕಿಚಿ ಕೇಳಿದರು. ಶಿಗೆಜೊಗೆ ಹೆಸರು ಗೊತ್ತಿತ್ತು. ಸಾವಿರಾರು ಸಲ ಮೈಕಿನಲ್ಲಿ ಕೂಗಿದ ಹೆಸರು. “ಒಳಗೆ ಏನಿದೆ ಅಂತ ನಂಗೊತ್ತಿಲ್ಲ ಭಾವ” ಎಂದರು. “ನೀವು ಬರೋವರೆಗೆ ನಾನು ಯಾವುದರ ಒಳಗೂ ಸರಿಯಾಗಿ ಹೋದವನೇ ಅಲ್ಲ.”

“ಹೋಗ್ಬೇಕಪ್ಪ” ಎಂದರು ತೊರಾಕಿಚಿ. “ಚೆನ್ನಾಗೈತೆ.”

ಸ್ಟೇಷನ್ನಿನಿಂದ ಹಿಂದಿರುಗಿದ ಶಿಗೆಜೊ ಮನೆಗೆ ಹೋಗದೆ ನೇರ ಕೊಮಾಯಿ ಅವರ ಬಾಗಿಲು ತಟ್ಟಿದರು. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ. ಬರಿಗೈಯಲ್ಲಿ ತಲೆಬಾಗುವುದು ಎಷ್ಟು ಕಷ್ಟ ಎಂದು ಅವರಿಗೆ ಅಂದೇ ತಿಳಿದದ್ದು. ಕೈಗಳನ್ನು ಎಲ್ಲಿಡಬೇಕೆಂದೇ ಗೊತ್ತಾಗುವುದಿಲ್ಲ. “ಭಾವನ ತಲೆ ನೆಟ್ಟಗಿದೆ. ನಾನೇ ಸುಳ್ಳು ಹೇಳಿದ್ದು” ಎಂದರು.

“ಹೌದಾ, ಒಳ್ಳೇದಾಯ್ತು” ಎಂದರು ಕೊಮಾಯಿ ಅವರ ಹೆಂಡತಿ. ದನಿಯಲ್ಲಿ ಜೇನು ಹಾಗೇ ಇತ್ತು. “ಅವರ ಕೈ ಹಿಡಿದು ಕಣ್ಣೀರು ಹಾಕಿದೆನಲ್ಲ ನಾನು, ಅವರು ಏನಂದ್ಕೊಂಡ್ರೋ.” ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಹೀಗೆ ಏಳು ಮನೆ. ಐದನೆಯ ಮನೆಯಲ್ಲಿ ನಕ್ಕರು. ನಗದ ಮನೆಗಳೇ ವಾಸಿ ಎನ್ನಿಸಿತು. ಎಂಟನೆಯ ಮನೆಯಲ್ಲಿ ಹೇಳುವ ಅಗತ್ಯವಿರಲಿಲ್ಲ.

ಭಾನುವಾರ ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಬೀಸಣಿಗೆಯ ಕೊಮಾಯಿ ಅವರು ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಒಪ್ಪಿಕೊಂಡರು. ಅವರ ಮೂರನೆಯ ‘ಬೇಡ’ ಏನೇನೂ ಚೆನ್ನಾಗಿರಲಿಲ್ಲ. ಶಿಗೆಜೊ ಹೆಸರನ್ನು ಯಾರೂ ಎತ್ತಲಿಲ್ಲ. ಚಹಾ ಮಾತ್ರ ಎಲ್ಲರಿಗಿಂತ ಮೊದಲು ಅವರಿಗೇ ಕೊಟ್ಟರು, ಜ್ವರ ಬಿಟ್ಟೆದ್ದವರಿಗೆ ಕೊಡುವಂತೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಶಿಗೆಜೊ ಬಚ್ಚಲುಮನೆಯ ಅಟ್ಟದಿಂದ ಪೊರಕೆ ಇಳಿಸಿದರು. ತಮ್ಮ ಬಾಗಿಲು ಗುಡಿಸಿದರು. ಎಡಕ್ಕೆ ಕೊಮಾಯಿ ಅವರ ಕಡೆ ಒಂದಡಿ. ಬಲಕ್ಕೆ ತಿರುಗಿದರು. ಒಂದಡಿ ಬಂತು. ಕೈ ನಿಂತಿತು. ಮೂವತ್ತೇಳು ವರ್ಷ ಬ್ರೇಕು ತುಳಿದ ದೇಹ ಅದು, ಗೆರೆ ಬಂದರೆ ನಿಲ್ಲುತ್ತದೆ. ಗಲ್ಲಿಯ ಈ ತುದಿ ನೋಡಿದರು, ಆ ತುದಿ ನೋಡಿದರು. ಯಾರೂ ಇರಲಿಲ್ಲ, ಜಿಜೋ ದೇವರೊಬ್ಬರನ್ನು ಬಿಟ್ಟರೆ. ಕದಿಯಲು ಬಂದವರಂತೆ ಶಿಗೆಜೊ ಪೊರಕೆಯನ್ನು ಗೆರೆಯಾಚೆ ಇಟ್ಟರು.

ಸರ್. ಸರ್.

ಒಳಗಿನಿಂದ ಅಜ್ಜಿಯ ದನಿ ಬಂತು. “ಯಾರದು? ಭಾವ ಇನ್ನೂ ಹೋಗಿಲ್ವಾ?”

“ಹೋದ್ರು” ಎಂದರು ಶಿಗೆಜೊ, ಬಹಳ ಮೆಲ್ಲಗೆ.

ಶಿಗೆಜೊ ಪೊರಕೆ ಹಿಡಿದು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರಂತೆ ನಿಂತಿದ್ದರು.

“ಹಾಗಿದ್ರೆ ಆ ಹೂವಿನ ಕುಂಡ ಸರಿಸಿ ಅದರ ಹಿಂದೆ ಗುಡಿಸಿ ಒಕುಡಾ-ಹಾನ್” ಎಂದರು ಅಜ್ಜಿ. “ನಿಮ್ಮ ಭಾವ ಅಲ್ಲೂ ಬಿಟ್ಟಿರಲಿಲ್ಲ.”

ಶಿಗೆಜೊ ಕುಂಡ ಸರಿಸಿದರು. ಹಿಂದೆ ಒಂಬತ್ತು ತಿಂಗಳ ಕಸ ಇರಲಿಲ್ಲ, ಐದು ದಿನದ್ದು ಮಾತ್ರ ಇತ್ತು.